“ಕಂಪನಿಯಾಗ ಅದಾರ್ರೀ”

“ಅಪ್ಪ ಏನು ಮಾಡ್ತಾರಮ್ಮ?” ಎಂದು ಸಂದರ್ಶಕರು ಕೇಳಿದರು.

“ಕಂಪನಿಯಾಗ ಅದಾರ್ರೀ ಸರ್,” ಎಂದಳು ಹುಡುಗಿ.

ಎಂಜಿನಿಯರಿಂಗ್ ಸೀಟು ಸಿಕ್ಕ ಬಡ ಹೆಣ್ಣುಮಕ್ಕಳಿಗೆ ನಾಗಸಂದ್ರದಲ್ಲಿ ಟ್ರಸ್ಟೊಂದು ವಿದ್ಯಾರ್ಥಿವೇತನದ ಸಂದರ್ಶನ ನಡೆಸುತ್ತಿತ್ತು. ಹೆಸರು ಕೂಗಲು ನಾನು ಬಾಗಿಲಲ್ಲಿ ನಿಂತಿದ್ದೆ. ಅವಳೇ ಕೊನೆಯವಳು. ಬೆಳ್ಳಂದೂರಿನ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಸಂದರ್ಶಕರು ನಕ್ಕರು.

“ಅಪ್ಪ ಕಂಪನೀಲಿದ್ರೆ ನಿಂಗ್ಯಾಕಮ್ಮ ಸ್ಕಾಲರ್‌ಶಿಪ್ಪು? ಇಲ್ಲದವ್ರಿಗೆ ಬಿಟ್ಕೊಡು.”

ಹುಡುಗಿ ಎದ್ದು ಹೋದಳು.

ಸ್ವಲ್ಪ ಹೊತ್ತಿಗೆ ನಾನೂ ಹೊರಗೆ ಬಂದೆ. ಗೇಟಿನ ಬಳಿ ಅವಳ ಅಪ್ಪ ನಿಂತಿದ್ದರು. ಅಂಗಿಯ ತುಂಬ ಗ್ರೀಸ್. ಪೀಣ್ಯದಲ್ಲಿ ಎರಡು ಲೇತ್ ಯಂತ್ರಗಳಿರುವ ತಗಡಿನ ಶೆಡ್ಡನ್ನೂ ಕಂಪನಿ ಎಂದೇ ಕರೆಯುತ್ತಾರೆ ಎಂಬುದು ನನಗೆ ಆಗ ನೆನಪಾಯಿತು.

“ಕಂಪನಿಯಾಗ ಇದ್ದವ್ರ ಮಕ್ಕಳಿಗೆ ಕೊಡಂಗಿಲ್ಲಂತಪ್ಪಾ,” ಎಂದಳು ಮಗಳು.

ಅವರು ಯೋಚಿಸಿ ಕೇಳಿದರು: “ಹಂಗಾರ ನಾ ಕಂಪನಿ ಬಿಟ್ರ ಕೊಡ್ತಾರೇನವ್ವಾ?”

ಒಳಗೆ ಓಡಿ ವಿಷಯ ತಿಳಿಸಿದೆ. ಸಂದರ್ಶಕರ ಮುಖ ಬಾಡಿತು. “ಛೇ! ಆಯ್ಕೆಯಾದವ್ರ ಹೆಸರು ಆಗ್ಲೇ ಕಳಿಸಿಬಿಟ್ನಲ್ರೀ. ಮುಂದಿನ ವರ್ಷ ನೋಡೋಣ,” ಎಂದರು.

ಶುಲ್ಕ ಕಟ್ಟಲು ಅವಳಿಗಿದ್ದದ್ದು ಆ ವಾರ ಮಾತ್ರ. ಈಗ ಯಾರಾದರೂ ಕಂಪನಿ ಎಂದರೆ ಯಾವ ಕಂಪನಿ ಎಂದು ಕೇಳದೆ ಇರಲಾರೆ. ಅಂದು ಆ ಕೋಣೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ.