ವಾಮನಣ್ಣ ಸುರಿದ ನಾಲ್ಕು ಬಕೆಟ್

ಬೆಳಿಗ್ಗೆ ಶೆಡ್ಡಿಗೆ ಬಂದೊಡನೆ ವಾಮನಣ್ಣ ಗ್ಯಾಸ್ ಟ್ಯಾಂಕಿನಿಂದ ಒಂದು ಮಗ್ ಬಗ್ಗಡ ತೆಗೆದು, ಕಣ್ಣು ಮುಚ್ಚಿ ಮೂಸುತ್ತಿದ್ದರು. ನಾವೆಲ್ಲ ಮೂಗು ಮುಚ್ಚಿಕೊಳ್ಳುವ ಆ ವಾಸನೆಯಲ್ಲಿ ಅವರಿಗೆ ಏನು ತಿಳಿಯುತ್ತಿತ್ತೋ. "ಇವತ್ತು ಒಂದು ಬಕೆಟ್ ಸಾಕು ತಂಗಿ. ಇದಕ್ಕೆ ಹಸಿವು ಕಮ್ಮಿ ಉಂಟು" ಎನ್ನುತ್ತಿದ್ದರು. ರಸಾಯನಶಾಸ್ತ್ರ ಓದಿ ಮಲಾಡಿನಿಂದ ಕೆಲಸಕ್ಕೆ ಬರುತ್ತಿದ್ದ ನಾನು ಹುಳಿ ಅಳೆಯುವ ಮೀಟರ್ ಹಿಡಿದು ನೋಡಿದರೆ, ಹೆಚ್ಚಿನ ದಿನ ಅದೂ ಅದನ್ನೇ ಹೇಳುತ್ತಿತ್ತು.

ಕುಂದಾಪುರದ ಕಡೆಯ ಅವರು ಮಾಟುಂಗದ ಹೋಟೆಲೊಂದರಲ್ಲಿ ಬಹಳ ವರ್ಷ ವಡೆ ಕರಿದವರು. ದಹಿಸರ್‌ನ ನಮ್ಮ ಶೆಡ್ಡಿಗೆ ಬರುತ್ತಿದ್ದುದೂ ಅಂಥ ಹೋಟೆಲುಗಳ ಕರಿದ ಎಣ್ಣೆಯೇ. ಅದರಿಂದ ಬಯೋಡೀಸೆಲ್ ತೆಗೆದ ಮೇಲೆ ತಳದಲ್ಲಿ ಜೋನಿಬೆಲ್ಲದಂಥ ಕಂದು ಗ್ಲಿಸರಿನ್ ಉಳಿಯುತ್ತದೆ. ಯಾರಿಗೂ ಬೇಡವಾದ ಅದನ್ನು ಸಗಣಿ, ತರಕಾರಿ ಸಿಪ್ಪೆಯ ಜೊತೆ ಟ್ಯಾಂಕಿಗೆ ಹಾಕಿದರೆ ಗ್ಯಾಸ್ ಹುಟ್ಟುತ್ತದೆ. ಆ ಗ್ಯಾಸಿನ ಉರಿಯಲ್ಲೇ ಮರುದಿನದ ಎಣ್ಣೆ ಕಾಯುತ್ತದೆ. ಟ್ಯಾಂಕಿನ ಜವಾಬ್ದಾರಿ ವಾಮನಣ್ಣನದು.

ಒಮ್ಮೆ ಅವರು ನೆಂಟರ ಮದುವೆಗೆಂದು ಒಂದು ದಿನ ರಜೆ ಹಾಕಿದರು. "ಒಂದೇ ಬಕೆಟ್, ಮರೆಯಬೇಡ" ಎಂದು ಹೇಳಿಯೇ ಹೋಗಿದ್ದರು. ಮರುದಿನ ಶೆಡ್ ನೋಡಲು ಯಾರೋ ಬರುವವರಿದ್ದರು, ಗ್ಲಿಸರಿನ್ ಡ್ರಮ್ಮುಗಳು ಬಾಗಿಲ ತನಕ ತುಂಬಿದ್ದವು. ಹೆಚ್ಚು ಹಾಕಿದರೆ ಹೆಚ್ಚು ಗ್ಯಾಸ್ ಎಂದು ಕಾಗದದ ಮೇಲೆ ಲೆಕ್ಕ ಹಾಕಿದ ನಾನು ಹನ್ನೆರಡು ಬಕೆಟ್ ಗ್ಲಿಸರಿನ್ ಸುರಿದುಬಿಟ್ಟೆ.

ಮರುದಿನ ಬೆಂಕಿ ಎಂದಿಗಿಂತ ದೊಡ್ಡದಾಗಿ ಉರಿಯಿತು. ಬಂದವರು ಹೊಗಳಿ ಹೋದರು. ಮೂರನೆಯ ದಿನ ಬರ್ನರ್ ಹೊತ್ತಿಕೊಳ್ಳಲೇ ಇಲ್ಲ. ತಿಂದದ್ದು ಅರಗದೆ ಟ್ಯಾಂಕಿನಿಂದ ಹುಳಿ ನಾತ ಬಂತು. ಯಾರು ಮಾಡಿದ್ದೆಂದು ಮಾಲೀಕರು ಕೂಗಾಡಿದರು. "ಕಿಸ್ನೆ ಕಿಯಾ?"

ನಾನು ಬಾಯಿ ತೆರೆಯುವ ಮೊದಲೇ ವಾಮನಣ್ಣ, "ಮೈನೇ ಡಾಲಾ, ಸೇಠ್" ಎಂದು ತಾವೇ ಸುರಿದದ್ದಾಗಿ ಹೇಳಿದರು. ತೆರೆದ ಬಾಯಿಯನ್ನು ನಾನು ಹಾಗೆಯೇ ಮುಚ್ಚಿಕೊಂಡೆ. ನಾಳೆಯಿಂದ ಬರಬೇಡ ಎಂದು ಮಾಲೀಕರು ಅವರಿಗೆ ಹೇಳಿದರು. ಹೊರಡುವಾಗ ವಾಮನಣ್ಣ ನನ್ನನ್ನು ಟ್ಯಾಂಕಿನ ಬಳಿ ಕರೆದರು. "ಸ್ವಲ್ಪ ದಿನ ಎಂತದ್ದೂ ಹಾಕಬೇಡ. ಸುಣ್ಣದ ನೀರು, ಚೂರು ಚೂರು. ತಬೇಲಾದ ಎಮ್ಮೆಗಳ ಹೊಸ ಸಗಣಿ ತರಿಸು." ಅಷ್ಟೇ. ಬೈಯಲಿಲ್ಲ.

ಟ್ಯಾಂಕು ಚೇತರಿಸಿಕೊಳ್ಳಲು ತಿಂಗಳ ಮೇಲಾಯಿತು. ನೀಲಿ ಉರಿ ಮತ್ತೆ ಕಂಡ ದಿನ ಮಾಲೀಕರಿಗೆ ನಿಜ ಹೇಳಿದೆ. ಅವರು, "ಉಸ್ಕೋ ಬುಲಾವ್" ಎಂದು ವಾಮನಣ್ಣನನ್ನು ಕರೆತರಲು ಕಳಿಸಿದರು.

ವಾಮನಣ್ಣ ಮತ್ತೆ ಮಾಟುಂಗದ ಹಳೆಯ ಹೋಟೆಲಿಗೇ ಸೇರಿದ್ದರು. ಹಿಂಬಾಗಿಲಲ್ಲಿ ನಿಂತು ಕೇಳಿದೆ: "ಅಣ್ಣಾರ, ಅವತ್ತ ಸುಳ್ಳ್ಯಾಕ ಹೇಳಿದ್ರಿ?"

"ಸುಳ್ಳು ಎಂತದ್ದು?" ಅವರು ಕೈ ಒರೆಸಿಕೊಂಡರು. "ಮದುವೆ ಮುಗಿಸಿ ಬಂದು ನೋಡ್ತೇನೆ, ಬೆಂಕಿ ಅಷ್ಟು ಚೆಂದ ಉರಿಯುತ್ತಾ ಉಂಟು. ನನಗೂ ಆಸೆ ಆಯ್ತು ಮಾರಾಯ್ತಿ. ನಾನೂ ನಾಲ್ಕು ಬಕೆಟ್ ಹಾಕಿದೆ. ನಿನ್ನದರಲ್ಲಿ ಬದುಕ್ತಿತ್ತೋ ಏನೋ, ನನ್ನದರಲ್ಲಿ ಕೆಟ್ಟಿತು."

"ಖರೇನ?"

"ಹೋಗು, ಚಾ ಕುಡಿದು ಹೋಗು" ಎಂದು ಒಳಗೆ ನಡೆದರು. ಶೆಡ್ಡಿಗೆ ಬರಲು ಒಪ್ಪಲಿಲ್ಲ. ಮುಂದಿನ ಸಲ ಹೋದಾಗ, ಅವರು ತೀರಿಕೊಂಡು ಎರಡು ವಾರವಾಯಿತು ಎಂದರು ಹೋಟೆಲಿನವರು.

ಈಗ ಟ್ಯಾಂಕಿನ ಮುಂದೆ ಮಗ್ ಹಿಡಿದು ನಿಲ್ಲುವವಳು ನಾನು. ಅಂಥ ಮೂಗಿನವರು ಉರಿಯ ಆಸೆಗೆ ಬಿದ್ದು ತಪ್ಪಿದರೋ? ಅಥವಾ ನಾಲ್ಕು ಬಕೆಟ್ಟಿನ ಸುಳ್ಳು ಹೇಳಿ ನನ್ನ ತಪ್ಪನ್ನು ಎರಡನೆಯ ಸಲವೂ ತಮ್ಮ ಮೇಲೆ ಎಳೆದುಕೊಂಡರೋ? ಇವೆರಡರಲ್ಲಿ ಯಾವುದನ್ನು ನಂಬಿದರೆ ಅವರಿಗೆ ಕಡಿಮೆ ಅನ್ಯಾಯ ಮಾಡಿದಂತಾಗುತ್ತದೆ ಎಂಬುದು ನನಗೆ ಇಂದಿಗೂ ತಿಳಿದಿಲ್ಲ.