ಆರು ಬಾಯಿಗೆ ಎಂಟು ಚೂರು

೧೯೬೩ರಲ್ಲಿ ನಾನು ಜಾಲಹಳ್ಳಿಯ ಒಂದು ದೊಡ್ಡ ಕಾರ್ಖಾನೆಯಲ್ಲಿ ಕ್ಯಾಂಟೀನ್ ಸೂಪರ್‌ವೈಸರ್ ಆಗಿದ್ದೆ. ಓದಿದ್ದು ಬಿ.ಎಸ್ಸಿ., ರಸಾಯನಶಾಸ್ತ್ರ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನೇ. ಯಲಹಂಕದ ಆಚೆಗಿನ ಹಳ್ಳಿಯಿಂದ ಹೈಸ್ಕೂಲಿಗೆ ದಿನಕ್ಕೆ ಎಂಟು ಮೈಲಿ ನಡೆದು ಓದಿದವನು. ಊರಲ್ಲಿ ಕೆಲವರು "ಬಿ.ಎಸ್ಸಿ. ಓದಿ ಸೌಟು ಇಡ್ಕಂಡವ್ನೆ" ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ದಿನಕ್ಕೆ ಸಾವಿರದ ಇನ್ನೂರು ಊಟ ಕೆಡದಂತೆ ಬಡಿಸುವುದಕ್ಕೂ ಲೆಕ್ಕ ಗೊತ್ತಿರಬೇಕು.

ಆ ವರ್ಷ ಜೂನ್ ತಿಂಗಳಲ್ಲಿ ನಮ್ಮ ಕ್ರೇನ್ ಆಪರೇಟರ್ ಮುನಿಶಾಮಪ್ಪನಿಗೆ ಕ್ಯಾಬಿನ್ನಿನಲ್ಲಿ ತಲೆ ಸುತ್ತಿತು. ಈ ಕ್ರೇನ್ ಷೆಡ್ಡಿನ ಮಾಡಿನಡಿ ಹಳಿಗಳ ಮೇಲೆ ಓಡುವಂಥದು. ಮೂವತ್ತಡಿ ಏಣಿ ಹತ್ತಿ ಮೇಲೆ ಕುಳಿತು ನಡೆಸಬೇಕು. ಅಂದು ಕೊಕ್ಕೆಯಲ್ಲಿ ಒಂದು ಟನ್ನಿನ ಎರಕ ನೇತಾಡುತ್ತಿತ್ತು. ಅವನು ಹೇಗೋ ಅದನ್ನು ಕೆಳಗಿಳಿಸಿ, ಸ್ವಿಚ್ ಆರಿಸಿ, ಅಲ್ಲೇ ಒರಗಿಬಿಟ್ಟ. ಕೆಳಗಿದ್ದವರಿಗೆ ಏನೂ ಆಗಲಿಲ್ಲ. ವಯಸ್ಸು ನಲವತ್ತನಾಲ್ಕು, ತೂಕ ಎಂಬತ್ತಾರು ಕಿಲೋ. ಪರೀಕ್ಷೆ ಮಾಡಿದಾಗ ಸಕ್ಕರೆ ಕಾಯಿಲೆ ಎಂದು ತಿಳಿಯಿತು.

ಕಾರ್ಖಾನೆಯ ಡಾಕ್ಟರಮ್ಮ ಅವನನ್ನು ಕ್ರೇನಿನಿಂದ ಇಳಿಸಿ ಹಗಲು ಪಾಳಿಗೆ, ನೆಲದ ಮೇಲಿನ ಕೆಲಸಕ್ಕೆ ಹಾಕಿದರು. ಹನ್ನೆರಡು ವಾರ ಗಡುವು. ಅಷ್ಟರೊಳಗೆ ಸಕ್ಕರೆ ಹತೋಟಿಗೆ ಬಂದರೆ ಕ್ರೇನ್ ಅವನದು. ಬಾರದಿದ್ದರೆ ಕಾಯಂ ಆಗಿ ಅಂಗಳದಲ್ಲಿ ಹೆಲ್ಪರ್. ಹೆಲ್ಪರ್ ಆಗಿ ಸೇರಿ ಹನ್ನೊಂದು ವರ್ಷ ಹಗ್ಗ ಎಳೆದು, ಆಮೇಲೆ ಆ ಏಣಿ ಹತ್ತಿದ ಮನುಷ್ಯ ಅವನು.

ಡಾಕ್ಟರಮ್ಮ ನನ್ನನ್ನು ಕರೆಸಿ ಹೇಳಿದರು: "ಮಾತ್ರೆ ನಾನು ಕೊಡ್ತೀನಿ. ರಾತ್ರಿ ಊಟ ನಿಮ್ಮ ಜವಾಬ್ದಾರಿ. ಎರಡು ಮುದ್ದೆ, ಮೇಲೆ ಅನ್ನ ತಿಂದು ಮಲಗ್ತಾನೆ. ಅದು ನಿಲ್ಲಬೇಕು. ಬರೀ ತರಕಾರಿ ಕೊಟ್ರೆ ಮುಟ್ಟಲ್ಲ. ಮೀಟ್ ಸಲಾಡ್ ಮಾಡಿಕೊಡಿ. ಕೊಬ್ಬಿಲ್ಲದ ಮಾಂಸ, ಹಸಿ ತರಕಾರಿ. ಅದೇ ಊಟ, ನೆಂಚಿಕೊಳ್ಳೋಕಲ್ಲ."

ಸಲಾಡ್ ಎಂದರೆ ನಮ್ಮ ಕಡೆಯ ಕೋಸಂಬರಿಯ ಅಣ್ಣ ಎನ್ನಬಹುದು. ಆಹಾರಶಾಸ್ತ್ರದ ಪುಸ್ತಕ ತೆರೆದು ಲೆಕ್ಕ ಹಾಕಿದೆ. ಬೇಯಿಸಿದ ಕೊಬ್ಬಿಲ್ಲದ ಮಟನ್ ನೂರ ಇಪ್ಪತ್ತು ಗ್ರಾಂ, ಬೆರಳಗಲದ ಎಂಟು ಪಟ್ಟಿ. ಸೌತೆಕಾಯಿ, ಮೂಲಂಗಿ, ಎಲೆಕೋಸು, ಈರುಳ್ಳಿ ಸೇರಿ ಮುನ್ನೂರು ಗ್ರಾಂ. ನಿಂಬೆರಸ, ಮೆಣಸಿನ ಪುಡಿ, ಉಪ್ಪು. ಎಣ್ಣೆ ಇಲ್ಲ. ಸೋಮವಾರ, ಶನಿವಾರ ಅವರ ಮನೆಯಲ್ಲಿ ಬಾಡು, ಎಂದರೆ ಮಾಂಸ, ಮುಟ್ಟುವುದಿಲ್ಲವಾದ್ದರಿಂದ ಆ ದಿನಗಳಿಗೆ ಮೊಳಕೆ ಕಾಳು. ಸಂಜೆ ಐದಕ್ಕೆ ಸೈರನ್ ಆದಾಗ ಡಬ್ಬಿ ಅವನ ಕೈಗೆ. ಏಳೂವರೆಗೆ ಮನೆಯಲ್ಲಿ ಉಣ್ಣಬೇಕು.

ನಮ್ಮ ಮುಖ್ಯ ಅಡುಗೆಯವರು ಬುಡನ್ ಸಾಬರು. ಯಶವಂತಪುರದವರು, ಮಟನ್ನಿನ ವಿಷಯದಲ್ಲಿ ಯಾರ ಮಾತೂ ಕೇಳುವವರಲ್ಲ. "ಏನ್ ಸಾಬ್ ಇದು, ಮಸಾಲೆ ಇಲ್ದೆ, ಬಿಸಿ ಇಲ್ದೆ ಗೋಷ್ತ್ ಕೊಡೋದಾ? ಕ್ಯಾಂಟೀನ್ನ ಆಸ್ಪತ್ರೆ ಮಾಡ್ಬುಟ್ರಲ್ಲ!" ಎಂದರು. ಆದರೂ ಮಾಂಸವನ್ನು ಮೆತ್ತಗೆ ಬೇಯಿಸಿ, ಎಂಟು ಪಟ್ಟಿಯನ್ನೂ ಒಂದೇ ಅಳತೆಗೆ ಕೊಯ್ದು ಕೊಡುತ್ತಿದ್ದರು.

ಗೇಟಿನ ಬಳಿ ಜೊತೆಯವರು ರೇಗಿಸುತ್ತಿದ್ದರು. "ಏನ್ ಗುರು, ಸಂಜೆ ಮೇವು ಬಂತಾ?"

"ಬಂತು ಕಣೋ. ನಿಂಗೂ ಒಂದ್ ಕಂತೆ ಹಾಕ್ಸ್ಲಾ?" ಎಂದು ಮುನಿಶಾಮಪ್ಪ ನಗುತ್ತಲೇ ಡಬ್ಬಿಯನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಹೋಗುತ್ತಿದ್ದ.

ಆಗ ಸಕ್ಕರೆ ನೋಡುತ್ತಿದ್ದದ್ದು ಮೂತ್ರದಲ್ಲಿ. ಬೆನೆಡಿಕ್ಟ್ ದ್ರಾವಣ ಎಂಬ ನೀಲಿ ನೀರಿಗೆ ಎಂಟು ಹನಿ ಮೂತ್ರ ಹಾಕಿ ಕುದಿಸುವುದು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು ಸ್ವಲ್ಪ, ಹಳದಿ ಇನ್ನೂ ಹೆಚ್ಚು, ಕಿತ್ತಳೆ, ಇಟ್ಟಿಗೆ ಕೆಂಪು ಎಂದರೆ ಅಪಾಯ. ಪ್ರತಿ ಮಂಗಳವಾರ ಬೆಳಿಗ್ಗೆ ಕಾಂಪೌಂಡರ್ ಪಕ್ಕ ನಿಂತು ನಾನೂ ನೋಡುತ್ತಿದ್ದೆ. ಮೊದಲ ವಾರ ಇಟ್ಟಿಗೆ ಕೆಂಪು. ಎರಡನೆಯ ವಾರ ಕಿತ್ತಳೆ. ಮೂರನೆಯ ವಾರ ಕಿತ್ತಳೆ. ನಾಲ್ಕನೆಯ ವಾರವೂ ಕಿತ್ತಳೆಯೇ. ತೂಕ ಅರ್ಧ ಕಿಲೋ ಕೂಡ ಇಳಿದಿರಲಿಲ್ಲ.

ನನಗೆ ಸಿಟ್ಟು ಬಂತು. ಕ್ಯಾಂಟೀನಿನ ಸಾಲಿನಲ್ಲಿ, ನಾಲ್ಕು ಜನರ ಎದುರೇ ಕೇಳಿದೆ: "ಮುನಿಶಾಮಪ್ಪ, ನಿಜ ಹೇಳಿ. ರಾತ್ರಿ ಏನ್ ತಿಂತೀರಿ?"

"ನೀವ್ ಕೊಟ್ಟಿದ್ದು ತಿಂತೀನಿ ಸಾರ್."

"ಮತ್ತೇನ್ ತಿಂತೀರಿ?"

ಅವನು ತಟ್ಟೆ ಎತ್ತಿಕೊಂಡು ಸಾಲಿನಲ್ಲಿ ಮುಂದೆ ಸರಿದ. ನಾನು ಅಂದೇ ಅವನ ಫೈಲಿನಲ್ಲಿ ಬರೆದೆ: "ರೋಗಿಯ ಸಹಕಾರವಿಲ್ಲ. ಆಹಾರ ಕ್ರಮ ಪಾಲಿಸುತ್ತಿಲ್ಲ." ಕೆಳಗೆ ಸಹಿ, ಸಹಿಯ ಮುಂದೆ ಬಿ.ಎಸ್ಸಿ. ಡಾಕ್ಟರಮ್ಮ ಓದಿ ತಲೆಯಾಡಿಸಿದರು. "ಹಾಗಾದ್ರೆ ಹನ್ನೆರಡು ವಾರ ಕಾಯೋದೇಕೆ? ಗುರುವಾರ ಆಫೀಸಿಗೆ ಕಾಗದ ಕಳಿಸ್ತೀನಿ. ಕ್ರೇನಿಗೆ ಬೇರೆಯವರನ್ನ ನೋಡ್ಕೊಳ್ಳಲಿ."

ಮರುದಿನ ಬುಧವಾರ. ಬರೆದದ್ದಕ್ಕೆ ಸಾಕ್ಷಿಯೂ ಇರಲಿ ಎಂದು ಸಂಜೆ ಏಳು ಗಂಟೆಗೆ ಸೈಕಲ್ ತುಳಿದುಕೊಂಡು ಶೆಟ್ಟಿಹಳ್ಳಿಯಲ್ಲಿದ್ದ ಅವನ ಮನೆಗೆ ಹೋದೆ. ಹೋದದ್ದು ಕಳ್ಳನನ್ನು ಹಿಡಿಯುವ ಹುಮ್ಮಸ್ಸಿನಲ್ಲೇ, ಮುಚ್ಚಿಡುವುದಿಲ್ಲ.

ಬಾಗಿಲು ತೆರೆದೇ ಇತ್ತು. ಒಲೆಯ ಮುಂದೆ ಅವನ ಹೆಂಡತಿ ಲಕ್ಷ್ಮಮ್ಮ, ಪಕ್ಕದಲ್ಲಿ ಕ್ಯಾಂಟೀನಿನ ಡಬ್ಬಿ. ನಾನು ನೋಡುತ್ತಿದ್ದಂತೆಯೇ ಆಕೆ ಡಬ್ಬಿಯಿಂದ ಮಾಂಸದ ಪಟ್ಟಿಗಳನ್ನು ಒಂದೊಂದಾಗಿ ಆಯ್ದು ಕುದಿಯುವ ಸಾರಿನ ಗಡಿಗೆಗೆ ಹಾಕಿದರು. ಬುಡನ್ ಸಾಬರು ಕೊಯ್ದ ಎಂಟು ಪಟ್ಟಿ. ಮೂರು ಮಕ್ಕಳು ಒಲೆಯ ಸುತ್ತ. ಮುನಿಶಾಮಪ್ಪನ ತಟ್ಟೆಯಲ್ಲಿ ಸೌತೆಕಾಯಿ, ಮೂಲಂಗಿ, ಎಲೆಕೋಸು.

ಅವನು ನನ್ನನ್ನು ಕಂಡು ಎದ್ದು ನಿಂತ. ಮಾತಾಡಿದ್ದು ಲಕ್ಷ್ಮಮ್ಮ.

"ಬನ್ನಿ ಸಾ, ಕೂತ್ಕಳಿ. ಆಯಪ್ಪಂದೇನೂ ತಪ್ಪಿಲ್ಲ. ನೀವ್ ಕಳ್ಸೋ ಸೊಪ್ಪು ಸದೆ ಎಲ್ಲಾ ತಿಂತಾರೆ. ಬಾಡು ಎಂಟು ಚೂರು, ಮನೇಲಿ ಆರು ಬಾಯಿ. ಒಬ್ರೇ ಕೂತ್ಕಂಡು ತಿಂದ್ರೆ ಚಿಕ್ಕದು ಬಾಯಿ ಬಿಟ್ಕಂಡು ನೋಡ್ತದೆ. ನೀರು ಉಯ್ದು ಸಾರು ಮಾಡಿದ್ರೆ ಎಲ್ಲಾರ್ ಮುದ್ದೆಗೂ ಆಯ್ತದೆ."

ಮೂಲೆಯಲ್ಲಿ ಕುಳಿತಿದ್ದ ಅವನ ತಾಯಿ ಸೇರಿಸಿದರು: "ಉಡುಗ್ರು ಮುಂದೆ ಒಬ್ನೇ ಬಾಡು ತಿನ್ನೋನು ನನ್ ಮಗ ಅಲ್ಲ ಕಣಪ್ಪಾ."

ಸಾರು ಆಯಿತೆಂದರೆ ಮುದ್ದೆ ಬಂತು. ಮುದ್ದೆ ಬಂತೆಂದರೆ ಸಕ್ಕರೆ ಇಳಿಯಲಿಲ್ಲ. ಲೆಕ್ಕ ಅಲ್ಲಿಗೆ ಮುಗಿಯಿತು.

ನನ್ನ ಮನೆಯಲ್ಲೂ ಹೀಗೇ ಇತ್ತು. ಅರ್ಧ ಸೇರು ಮಾಂಸಕ್ಕೆ ಒಂದು ಕೊಡ ನೀರು. ಅಪ್ಪ ತನ್ನ ಮುದ್ದೆಯ ಪಕ್ಕದ ಚೂರನ್ನು ನಮ್ಮ ತಟ್ಟೆಗೆ ದೂಡುತ್ತಿದ್ದರು. ಅದನ್ನು ತಿಂದೇ ನಾನು ಓದಿದ್ದು. ಗ್ರಾಂ ಲೆಕ್ಕ ಕಲಿತ ಮೇಲೆ ಆ ತಟ್ಟೆ ಹೇಗೆ ಮರೆತುಹೋಯಿತೋ ಗೊತ್ತಿಲ್ಲ. ನಾಚಿಕೆಯಾಯಿತು.

ಕ್ರೇನಿನ ವಿಷಯ ಬಿಡಿಸಿ ಹೇಳಿದೆ. ಮುದ್ದೆ ನಿಲ್ಲದಿದ್ದರೆ ಅವನು ಮತ್ತೆ ಏಣಿ ಹತ್ತುವುದಿಲ್ಲ ಎಂದೆ. ಲಕ್ಷ್ಮಮ್ಮ ಸೌಟು ಬದಿಗಿಟ್ಟು ಸಾರಿನ ಗಡಿಗೆಯನ್ನು ಒಲೆಯಿಂದ ಇಳಿಸಿದರು.

"ಅಂಗಾದ್ರೆ ಒಂದ್ ಕೆಲ್ಸ ಮಾಡಿ ಸಾ. ಬಾಡು ಕೊಯ್ದು ಕಳ್ಸಬೇಡಿ, ಇಡಿಯಾಗಿ ಕಳ್ಸಿ. ನಾನು ನಾರು ನಾರಾಗಿ ಬಿಡಿಸ್ತೀನಿ. ಉಳ್ಳಿ ಕಾಳು ಮೊಳಕೆ ಕಟ್ಟಿ ಅದ್ರಾಗೆ ಬೆರಸ್ತೀನಿ. ಆರು ತಟ್ಟೆಗೂ ಬೀಳ್ತದೆ. ಎಲ್ಲಾರೂ ಅದ್ನೇ ತಿಂದ್ರೆ ಆಯಪ್ಪನೂ ತಿಂತಾರೆ."

"ಮುದ್ದೆ?"

"ಉಡುಗ್ರಿಗೆ ಒಂದೊಂದು. ಆಯಪ್ಪಂಗೆ ನಿಂಬೆಹಣ್ಣಿನ್ ಗಾತ್ರ. ಸುಮ್ಕೆ ಬಾಯಿ ಚಪಲಕ್ಕೆ."

ಮುನಿಶಾಮಪ್ಪ ಅಷ್ಟು ಹೊತ್ತಿಗೆ ಬಾಯಿ ಬಿಟ್ಟ. "ನಿಂಬೆಹಣ್ಣು ಅಂದ್ರೆ ದೊಡ್ಡ ನಿಂಬೆಹಣ್ಣು ಕಣಮ್ಮಿ."

ಮರುದಿನ ಎಂಟು ಗಂಟೆಗೇ ಡಾಕ್ಟರಮ್ಮನ ಬಾಗಿಲಲ್ಲಿ ನಿಂತಿದ್ದೆ. ನಡೆದದ್ದು ಹೇಳಿ, ನಾನು ಬರೆದದ್ದನ್ನು ಹೊಡೆದುಹಾಕಿ ಎಂದು ಕೇಳಿಕೊಂಡೆ. "ಫೈಲಿನಲ್ಲಿ ಬರೆದದ್ದನ್ನ ನಾನು ಅಳಿಸಲ್ಲ," ಎಂದರು. "ಕೆಳಗೆ ಸರಿಯಾದದ್ದು ನೀವೇ ಬರೀರಿ." ಬರೆದೆ: "ಮೇಲಿನ ಅಭಿಪ್ರಾಯ ತಪ್ಪು. ದೋಷ ಆಹಾರ ಸೂಚಿಸಿದವನದು, ರೋಗಿಯದಲ್ಲ." ಸಹಿ ಮಾಡಿ ಬಿ.ಎಸ್ಸಿ. ಅಂತಲೂ ಹಾಕಿದೆ. ತಪ್ಪು ಬರೆದಾಗ ಹಾಕಿದ್ದವನು ತಿದ್ದುವಾಗ ಬಿಡಬಾರದು. ಕಾಗದ ಆಫೀಸಿಗೆ ಹೋಗಲಿಲ್ಲ.

ಲಕ್ಷ್ಮಮ್ಮನ ಸಲಾಡನ್ನು ಮುಂದಿನ ವಾರ ನಾನೇ ತಿಂದು ನೋಡಿದೆ. ಹಿಂದಿನ ದಿನ ಬಟ್ಟೆಯಲ್ಲಿ ಕಟ್ಟಿಟ್ಟ ಹುರುಳಿಯ ಮೊಳಕೆಯನ್ನು ಸಂಜೆ ಒಂದು ಕುದಿ ಬೇಯಿಸಿ ಬಸಿಯುವುದು. ಅದು ಆರುವಷ್ಟರಲ್ಲಿ ಸೌತೆಕಾಯಿ, ಮೂಲಂಗಿ, ಅದರ ಎಳೆಸೊಪ್ಪು, ಈರುಳ್ಳಿ ಹೆಚ್ಚಿಕೊಳ್ಳುವುದು. ಬೆಂದ ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ, ಕೊತ್ತಂಬರಿ, ಹಸಿಮೆಣಸಿನಕಾಯಿ, ನಿಂಬೆರಸ ಹಾಕಿ ಕೈಯಲ್ಲೇ ಕಲಸುವುದು. ಇಪ್ಪತ್ತು ನಿಮಿಷದ ಕೆಲಸ. ಮಾಂಸ ಅಷ್ಟೇ ಇದ್ದರೂ ಪ್ರತಿ ತುತ್ತಿಗೂ ಸಿಗುತ್ತಿತ್ತು. ಕಡಿಮೆ ಬಿದ್ದ ಪ್ರೋಟೀನನ್ನು ಹುರುಳಿ ತುಂಬುತ್ತಿತ್ತು. ನನ್ನದಕ್ಕಿಂತ ರುಚಿಯಾಗಿತ್ತು. ಬುಡನ್ ಸಾಬರಿಗೆ ಒಂದು ಬಟ್ಟಲು ತಂದುಕೊಟ್ಟೆ. ತಿಂದು, "ಇದು ಊಟ ಸಾಬ್. ನೀವ್ ಮಾಡ್ಸಿದ್ದು ಔಷಧಿ" ಎಂದರು.

ಆರನೆಯ ವಾರ ದ್ರಾವಣ ಹಳದಿಗೆ ಬಂತು. ಒಂಬತ್ತನೆಯ ವಾರ ಹಸಿರು. ಹನ್ನೆರಡನೆಯ ವಾರ ನೀಲಿಯಲ್ಲಿ ಹಸಿರಿನ ಬರೀ ಒಂದು ಛಾಯೆ; ತೂಕ ಎಂಬತ್ತು ಕಿಲೋ. ಡಾಕ್ಟರಮ್ಮ ಫಿಟ್ನೆಸ್ ಸರ್ಟಿಫಿಕೇಟ್ ಬರೆದುಕೊಟ್ಟರು. ಮುನಿಶಾಮಪ್ಪ ಅದನ್ನು ಮಡಚಿ ಜೇಬಿಗಿಟ್ಟು ಏಣಿ ಹತ್ತಿದ. ಕೆಳಗಿನಿಂದ ಯಾರೋ ಸೀಟಿ ಹೊಡೆದರು. ಮುಂದೆ ಎಷ್ಟೋ ವರ್ಷ ಆ ಕ್ರೇನ್ ಅವನೇ ನಡೆಸಿದ.

ಆಮೇಲೆ ನಿವೃತ್ತಿಯವರೆಗೂ ನಾನು ನೂರಾರು ಜನರಿಗೆ ಆಹಾರದ ಚೀಟಿ ಬರೆದಿದ್ದೇನೆ. ರಕ್ತದೊತ್ತಡದವರಿಗೆ, ಹೊಟ್ಟೆ ಹುಣ್ಣಿನವರಿಗೆ, ಬಾಣಂತಿಯರಿಗೆ. ಚೀಟಿಯ ತಲೆಯ ಮೇಲೆ ಹೆಸರು, ವಯಸ್ಸು, ತೂಕ ಬರೆಯುವ ಮೊದಲೇ ಒಂದು ಪ್ರಶ್ನೆ ಕೇಳುತ್ತಿದ್ದೆ: ಮನೆಯಲ್ಲಿ ನಿಮ್ಮ ಜೊತೆ ಕೂತು ಉಣ್ಣುವವರು ಎಷ್ಟು ಜನ? ಉತ್ತರ ಬರುವವರೆಗೆ ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ.