ಕುರ್ಚಿಗೆ ಜಾಗ ಹುಡುಕುವ ಆಯಮ್ಮ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಕಣ್ಣಾಸ್ಪತ್ರೆಯ ವ್ಯಾನಿನಿಂದಿಳಿದ ಆಯಮ್ಮ ಮೂರನೇ ಮಹಡಿಯ ಮನೆಯೊಂದರ ಬಾಗಿಲು ತಟ್ಟುತ್ತಿದ್ದಾರೆ. ಹೆಗಲಿನ ಚೀಲದಲ್ಲಿ ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ, ದಪ್ಪ ಕೈಗವಸು. ಒಳಗಿರುವ ಹಿರಿಯ ಕ್ಷೌರಿಕರು ಚಿಕಿತ್ಸೆಗೆ ಬರುವುದಿಲ್ಲ ಎಂದು ನಿನ್ನೆಯೇ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಾರೆ. ಅವರ ಎಡಗಣ್ಣಿನ ನಡುಭಾಗದ ನೋಟ ಆಗಲೇ ಹೋಗಿದೆ. ಇವತ್ತು ತಪ್ಪಿಸಿದರೆ ಬಲಗಣ್ಣೂ ಅದೇ ದಾರಿ ಹಿಡಿಯಬಹುದೆಂಬುದು ವೈದ್ಯರ ಅಂಜಿಕೆ.

ಚಿಕಿತ್ಸೆಯೇನೂ ಅಷ್ಟು ನೋವಿನದ್ದಲ್ಲ. ತೋಳಿನ ನರಕ್ಕೆ ನಿಧಾನವಾಗಿ ಔಷಧಿ ಏರಿಸುತ್ತಾರೆ. ಅದು ಕಣ್ಣಿನ ಹಿಂಭಾಗದ ಕೆಟ್ಟ ರಕ್ತನಾಳಗಳಲ್ಲಿ ಸೇರಿಕೊಂಡು ಸುಮ್ಮನಿದ್ದು, ಲೇಸರ್ ಬೆಳಕು ಬಿದ್ದಾಗ ಎಚ್ಚೆತ್ತು, ಸೋರುವ ನಾಳಗಳನ್ನು ಮುಚ್ಚುತ್ತದೆ. ಆದರೆ ಮೈಯಲ್ಲೂ ಔಷಧಿ ಉಳಿದಿರುತ್ತದಲ್ಲ, ಅದೇ ತೊಡಕು. ಐದು ದಿನ ಬಿಸಿಲೋ ಪ್ರಖರ ದೀಪವೋ ತಾಗಿದರೆ ಚರ್ಮ ಸುಡುತ್ತದೆ. ಹೀಗಾಗಿ ರೋಗಿಗಳ ಮೈ ಮುಚ್ಚಿಸಿ ಮನೆ ತಲುಪಿಸುವ ಕೆಲಸ ಆಯಮ್ಮನದು. "ಬಂದವ್ರಿಗೆಲ್ಲ ಟೋಪಿ ಹಾಕೋದೇ ನನ್ನ ಕಸುಬು" ಎಂದು ತಾವೇ ನಗುತ್ತಾರೆ.

ಗಂಡ ತೀರಿಕೊಂಡ ಮೇಲೆ, ಮಗಳನ್ನು ತಾಯಿಯ ಬಳಿ ಬಿಟ್ಟು, ನೆಲ ಒರೆಸುವ ಕೆಲಸಕ್ಕೆ ಸೇರಿದವರು ಇವರು. ಎಷ್ಟೋ ವರ್ಷ ಎರಡು ಪಾಳಿ ದುಡಿದು ಸೊಂಟ ಹಿಡಿದುಕೊಂಡಿದೆ. ಲೇಸರ್ ಕೋಣೆಗೆ ಕರೆಸಿಕೊಂಡದ್ದು ಇವರ ಕೈ ನಡುಗುವುದಿಲ್ಲವೆಂದು. ಬೆಳಕು ಹಾಯುವ ಸುಮಾರು ಒಂದೂವರೆ ನಿಮಿಷ ರೋಗಿಯ ತಲೆ ಅಲುಗಬಾರದು. ಹಿಂದೆ ನಿಂತು ಹಿಡಿಯುವವರು ಇವರೇ. ವಾರಕ್ಕೆ ನಾಲ್ಕೈದು ಮಂದಿ ಇಂಥ ರೋಗಿಗಳು ಬರುತ್ತಾರೆ.

ಬಾಗಿಲು ತೆರೆದ ಕ್ಷೌರಿಕರ ಮಗಳ ಕಣ್ಣುಗಳು ಅತ್ತು ಊದಿಕೊಂಡಿವೆ. ಒಳಗಿನಿಂದ ಅಪ್ಪನ ದನಿ.

"ಹೋದ ಸಲ ಐದು ದಿನ ಸಾಮಾನಿನ ಕೋಣೇಲಿ ಕೂರಿಸಿದ್ಲು. ಕಿಟಕಿಗೂ ಕಂಬಳಿ, ಬಾಗಿಲಿಗೂ ಕಂಬಳಿ. ಕುರುಡನಾಗೋದು ತಪ್ಪಲಿ ಅಂತ ಕುರುಡನ ಹಾಗೇ ಬದುಕ್ಬೇಕಾ?"

"ಅಯ್ಯೋ, ಕತ್ತಲಲ್ಲಿ ಕೂರಿ ಅಂತ ಯಾರಂದ್ರು ಅಣ್ಣಾ? ಮನೆಯೊಳಗಿನ ಸಣ್ಣ ಬೆಳಕು ಬೇಕೇ ಬೇಕು. ಮೈಯಲ್ಲಿರೋ ಔಷಧಿ ಜೋರು ಇಳಿಸೋದೇ ಅದು."

"ಡಾಕ್ಟ್ರು ಹೇಳಿದ್ರು ಆಯಮ್ಮ. ಬೆಳಕು ತಾಗಬಾರ್ದು ಅನ್ನೋದಷ್ಟೇ ನನ್ನ ತಲೇಲಿ ಉಳೀತು" ಎನ್ನುತ್ತಾಳೆ ಮಗಳು. ಆಯಮ್ಮ ಅವಳ ಬೆನ್ನು ಸವರುತ್ತಾರೆ. ಪ್ರೀತಿ ಹೆಚ್ಚಾದ ಎಷ್ಟೋ ಮನೆಗಳಲ್ಲಿ ಇದೇ ಎಡವಟ್ಟು. ಅದಕ್ಕೇ ಅವರು ರೋಗಿಯನ್ನು ಹೊಸ್ತಿಲಲ್ಲೇ ಬಿಟ್ಟು ಬರದೆ, ಒಳಗೆ ಹೋಗಿ ಕುರ್ಚಿ ಹಾಕಿ ಕೂರಿಸಿಯೇ ಬರುತ್ತಾರೆ. ಹೋದ ಸಲ ಕ್ಷೌರಿಕರು ನೆಂಟರ ಕಾರಿನಲ್ಲಿ ಹೊರಟುಬಿಟ್ಟಿದ್ದರಿಂದ ಅದು ತಪ್ಪಿತ್ತು.

"ಹಾಗಾದ್ರೆ ಮೊದ್ಲು ನಾನು ಕೂರೋ ಜಾಗ ತೋರ್ಸಿ" ಎಂದು ಕ್ಷೌರಿಕರು ಪಟ್ಟು ಹಿಡಿಯುತ್ತಾರೆ. ಆಯಮ್ಮ ಪರದೆ ಎಳೆದು, ಕಿಟಕಿಯಿಂದ ದೂರದ ಮೂಲೆಗೆ ಕುರ್ಚಿ ಸರಿಸುತ್ತಾರೆ. ಪಕ್ಕದ ಓದುವ ದೀಪವನ್ನು ತೆಗೆಸುತ್ತಾರೆ. ಕ್ಷೌರಿಕರು ಕೂತು, ಅತ್ತಿತ್ತ ನೋಡಿ, ಎದ್ದು ಚಪ್ಪಲಿ ಮೆಟ್ಟುತ್ತಾರೆ.

ಲೇಸರ್ ಕೋಣೆಯಲ್ಲಿ ಆಯಮ್ಮನ ಅಂಗೈಗಳು ತಲೆಯನ್ನು ಹಿಡಿದಾಗ ಕ್ಷೌರಿಕರಿಗೆ ನಗು ಬರುತ್ತದೆ. "ಜೀವಮಾನವೆಲ್ಲ ಊರವ್ರಿಗೆ ಅಲ್ಲಾಡ್ಬೇಡಿ ಅಂತ ಗದರಿಸ್ದೋನು ನಾನು."

"ಹಾಗಿದ್ರೆ ಬಾಯಿ ಮುಚ್ಕೊಂಡು ಕೂರಿ!"

ಮಧ್ಯಾಹ್ನ ಟೋಪಿ, ಕನ್ನಡಕ, ಉದ್ದ ತೋಳಿನ ಅಂಗಿಯಲ್ಲಿ ಅವರು ಮನೆ ಸೇರುತ್ತಾರೆ. ಕಣ್ಣು ಮೊದಲಿನಂತಾಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಇರುವಷ್ಟು ಉಳಿದರೆ ಸಾಕು. ಮೂಲೆಯ ಕುರ್ಚಿಯಲ್ಲಿ ಕೂತವರು ಕನ್ನಡಕ ತೆಗೆದು ಮಗಳನ್ನು ಹತ್ತಿರ ಕರೆಯುತ್ತಾರೆ. ಆಸ್ಪತ್ರೆಯಲ್ಲಿ ಹನಿ ಔಷಧಿ ಹಾಕಿದ ಕಣ್ಣಿಗೆ ಎಲ್ಲ ಮಸುಕು. ಆದರೂ ಬಹಳ ಹೊತ್ತು ನೋಡುತ್ತಾರೆ.

"ಹೋದ ಸಲ ನಿನ್ನ ದನಿ ಮಾತ್ರ ಇತ್ತು. ಇಷ್ಟು ಸೊರಗಿದ್ದೀಯ ಅಂತ ಗೊತ್ತೇ ಆಗ್ಲಿಲ್ವಲ್ಲೇ."

ಆಯಮ್ಮ ಪರದೆಯ ಸಂದನ್ನು ಇನ್ನೊಮ್ಮೆ ಸರಿಪಡಿಸುತ್ತಾರೆ. ಚೀಲ ಹೆಗಲಿಗೇರಿಸಿ ಹೊರಬರುತ್ತಾರೆ. ಅವರ ಆಸೆಯೇನೆಂದು ಕೇಳಿದರೆ ಮೆಟ್ಟಿಲ ಮೇಲೆ ನಿಂತು ಸೊಂಟ ನೀವಿಕೊಳ್ಳುತ್ತಾರೆ. "ಆಸ್ಪತ್ರೆಯಿಂದ ಕಳಿಸೋವಾಗ ಎಲ್ರೂ ಮತ್ತೆ ಬರೋ ಹಾಗಾಗ್ದಿರ್ಲಿ ಅಂತಾರೆ. ನಂದು ಉಲ್ಟಾ. ಕರೆದಾಗ ಹೆದ್ರದೆ ಬರ್ಲಿ ಅಂತ. ಇನ್ನೇನು ಕೇಳ್ಲಿ?"

ಅಷ್ಟರಲ್ಲಿ ಒಳಗೆ ಕ್ಷೌರಿಕರು ಮಗಳಿಗೆ ಹೇಳುವುದು ಕೇಳುತ್ತದೆ: "ಮೂರು ತಿಂಗಳಿಗೆ ತೋರಿಸ್ಬೇಕಂತೆ. ನಾನು ಮರೆತ್ರೂ ನೀನು ನೆನಪು ಮಾಡು."